ಎಂಜಿನ್ನಿನ ಪಾದವೂ ಬೆಲ್ಟಿನ ಆಯುಷ್ಯವೂ

ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ, ಕೂಡ್ಲಿಗಿಯನ್ನು ಮುಟ್ಟುವುದಕ್ಕೆ ಮೊದಲು, ಹೊಸಹಳ್ಳಿ ಎಂಬ ಊರು ಸಿಕ್ಕುತ್ತದೆ. ಕಾನಾಹೊಸಹಳ್ಳಿ ಎಂದೂ ಅದಕ್ಕೆ ಹೆಸರುಂಟು. 2021ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಈ ಸೀಮೆ ಈಗ ವಿಜಯನಗರ ಜಿಲ್ಲೆಯಲ್ಲಿದೆ. ಮಳೆ ಕಡಮೆ, ಬಿಸಿಲು ಹೆಚ್ಚು. ಜೋಳ, ಮೆಕ್ಕೆಜೋಳ, ಶೇಂಗಾಗಳೇ ಮುಖ್ಯ ಬೆಳೆಗಳು. ಜೋಳದ ರೊಟ್ಟಿಯ ಊಟವಿರುವ ಕಡೆ ಹಿಟ್ಟಿನ ಗಿರಣಿ ಇಲ್ಲದೆ ಸಾಗದು. ಜೋಳದ ಹಿಟ್ಟನ್ನು ಬಹಳ ದಿನ ಕೂಡಿಟ್ಟರೆ ಅದು ಜಿಗಿ ಕಳೆದುಕೊಳ್ಳುವುದು, ರೊಟ್ಟಿ ತಟ್ಟುವಾಗ ಅಂಚು ಹರಿಯುವುದು. ಆದುದರಿಂದ ಇಲ್ಲಿಯ ಮನೆಗಳವರು ಬೇಕಾದಷ್ಟನ್ನೇ ಆಗಾಗ ಬೀಸಿಸುತ್ತಾರೆ. ಗಿರಣಿ ಎರಡು ದಿನ ನಿಂತರೆ ಊರಿನ ಅಡಿಗೆಮನೆಗಳಿಗೆಲ್ಲ ಅದರ ಬಿಸಿ ತಟ್ಟುತ್ತದೆ.

ಅಂತಹ ಒಂದು ಗಿರಣಿಗೆ ನಾವು ಹೋದದ್ದು ದಸರೆಗೆ ಒಂದು ವಾರ ಮುಂಚೆ. ವಿದ್ಯುತ್ತು ಕೈಕೊಟ್ಟ ಹೊತ್ತಿಗೆಂದು ಅಲ್ಲಿ ಒಂದು ಡೀಸೆಲ್ ಎಂಜಿನನ್ನು ಇಟ್ಟಿದ್ದರು. ಅದಕ್ಕೂ ಬೀಸುವ ಕಲ್ಲಿಗೂ ನಡುವೆ ವಿ-ಬೆಲ್ಟುಗಳು. ಹಿಂದಿನ ದಿನ ಅವುಗಳಲ್ಲಿ ಒಂದು, ಕೆಲಸ ನಡೆದಿರುವಾಗಲೇ ಕಡಿದು ಹಾರಿ ಎದುರಿನ ಗೋಡೆಗೆ ಬಡಿದಿತ್ತು. ಬಿಳಿಯ ಸುಣ್ಣದ ಮೇಲೆ ಬರೆ ಎಳೆದಂತೆ ಕರಿಯ ಗುರುತು ಇನ್ನೂ ಇತ್ತು. ಗುರುತಿನ ಕೆಳಗೆ ಒಂದು ಮೊಳದಷ್ಟು ಅಂತರದಲ್ಲಿ ಕಲ್ಲಿನ ಬೆಂಚು; ಡಬ್ಬಿ, ಚೀಲಗಳನ್ನು ಇಟ್ಟುಕೊಂಡು ಹೆಂಗಸರೂ ಮಕ್ಕಳೂ ಸರದಿಗಾಗಿ ಕುಳಿತುಕೊಳ್ಳುವ ಜಾಗ. ಆ ಕ್ಷಣದಲ್ಲಿ ಅಲ್ಲಿ ಯಾರೂ ಇರಲಿಲ್ಲವೆಂಬುದು ಕೇವಲ ಅದೃಷ್ಟ.

ಮಳೆಗಾಲ ಮೊದಲಾದ ಮೇಲೆ ಹೀಗೆ ಹಾಳಾದ ಬೆಲ್ಟುಗಳ ಜೊತೆ ಅದು ಮೂರನೆಯದು. "ಬೆಲ್ಟು ಡೂಪ್ಲಿಕೇಟ್ ಇರಬೇಕ್ರಿ ಸರ್. ಮೊದ್ಲಿನವು ಮೂರು ವರ್ಷ ಬಂದಿದ್ವು" ಎಂದು ವಯಸ್ಸಾದ ಯಜಮಾನರು ನೊಂದುಕೊಂಡರು. ಆ ಅನುಮಾನ ಸಹಜವಾದುದೇ. ಆದರೆ ಮಾತು ಮುಂದುವರಿದಂತೆ ಇನ್ನೊಂದು ಸಂಗತಿ ಹೊರಬಿತ್ತು. ಮೂರು ವರ್ಷ ಬಂದ ಬೆಲ್ಟುಗಳ ಕಾಲದಲ್ಲಿ ಎಂಜಿನು ನೆಲದ ಕಾಂಕ್ರೀಟಿಗೇ ಬಿಗಿದುಕೊಂಡಿತ್ತು. ಅದರ ನಡುಕದಿಂದ ಗೋಡೆ ಬಿರುಕು ಬಿಡುತ್ತಿದೆಯೆಂದು ಪಕ್ಕದ ಮನೆಯವರು ತಕರಾರು ತೆಗೆದರು. ಆಗ ಯಾರದೋ ಸಲಹೆಯಂತೆ ಹಳೆಯ ಲಾರಿ ಟೈರನ್ನು ಕತ್ತರಿಸಿ, ಎಂಜಿನ್ನಿನ ನಾಲ್ಕು ಪಾದಗಳಿಗೂ ದಪ್ಪನೆಯ ರಬ್ಬರಿನ ತುಂಡುಗಳನ್ನು ಕೊಟ್ಟರು. ಗೋಡೆಯ ನಡುಕ ನಿಂತಿತು, ನೆರೆಯವರು ತೃಪ್ತರಾದರು. ಬೆಲ್ಟಿನ ಕಾಟ ಶುರುವಾದದ್ದು ಅನಂತರ. ಈ ಎರಡಕ್ಕೂ ಸಂಬಂಧವಿರಬಹುದೆಂದು ಯಾರಿಗೂ ತೋಚಿರಲಿಲ್ಲ.

ಸತ್ತ ಬೆಲ್ಟು ಹೇಳುವ ಸಾಕ್ಷ್ಯ

ಬೆಲ್ಟು ಸಾಯುವ ಬಗೆಗಳು ಹಲವು. ಪ್ರತಿಯೊಂದೂ ತನ್ನ ಗುರುತನ್ನು ಬಿಟ್ಟುಹೋಗುತ್ತದೆ. ಸಡಿಲವಾಗಿ ಜಾರುತ್ತಿದ್ದ ಬೆಲ್ಟಿನ ಎರಡು ಪಕ್ಕಗಳೂ ಸುಟ್ಟು ಗಾಜಿನಂತೆ ಹೊಳೆಯುವುವು. ಮುದಿಯಾದ ಬೆಲ್ಟಿನ ಒಳಮೈಯಲ್ಲಿ ಅಡ್ಡಡ್ಡ ಬಿರುಕುಗಳು ಕಾಣುವುವು. ಗಿರಣಿಯ ಮೂಲೆಯಲ್ಲಿ ಬಿದ್ದಿದ್ದ ಮೂರು ಬೆಲ್ಟುಗಳಲ್ಲಿ ಈ ಯಾವ ಲಕ್ಷಣವೂ ಪ್ರಧಾನವಾಗಿರಲಿಲ್ಲ. ಮೂರರಲ್ಲಿಯೂ ಒಂದೇ ಪಕ್ಕ ಸವೆದು ಒಳಗಿನ ನೂಲು ಹೊರಬಂದಿತ್ತು. ಇನ್ನೊಂದು ಪಕ್ಕ ಹೆಚ್ಚು ಕಡಮೆ ಹೊಸದರಂತೆಯೇ ಇತ್ತು. ಎಂಜಿನ್ನಿನ ರಾಟೆಯ ಕೆಳಗೆ—ಗಿರಣಿಯವರು ಇದನ್ನು ಪುಲ್ಲಿ ಎನ್ನುತ್ತಾರೆ—ಕಾಡಿಗೆಯಂತಹ ರಬ್ಬರಿನ ಪುಡಿ ಬಿದ್ದಿತ್ತು. ಒಂದು ರಾಟೆ ಇನ್ನೊಂದರ ನೇರಕ್ಕಿಲ್ಲದಿದ್ದಾಗ ಆಗುವುದು ಇದೇ. ಬೆಲ್ಟು ಪ್ರತಿಯೊಂದು ಸುತ್ತಿಗೂ ರಾಟೆಯ ಒಂದು ಗೋಡೆಯನ್ನು ಉಜ್ಜಿಕೊಂಡು ಒಳಹೊಗಬೇಕು, ಉಜ್ಜಿಕೊಂಡೇ ಹೊರಬರಬೇಕು. ಈ ಉಜ್ಜಾಟದಿಂದ ಶಾಖ ಹುಟ್ಟುವುದು. ರಬ್ಬರಿಗೆ ಶಾಖ ಶತ್ರು: ಬೆಲ್ಟಿನ ಒಳಗಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ಆಯುಷ್ಯ ಅರ್ಧಕ್ಕೆ ಇಳಿಯುವುದೆಂದು ಎಂಜಿನಿಯರುಗಳು ಸ್ಥೂಲವಾಗಿ ಲೆಕ್ಕ ಹಾಕುತ್ತಾರೆ.

"ನೇರ ಇಲ್ಲ ಅನ್ನಬ್ಯಾಡ್ರಿ, ದಾರ ಹಿಡಿದೇ ಕೂಡ್ರಿಸೀನಿ" ಎಂದರು ಯಜಮಾನರು. ಅವರ ಮಾತು ಸುಳ್ಳಾಗಿರಲಿಲ್ಲ. ಬೆಲ್ಟುಗಳನ್ನು ತೆಗೆದು, ಎರಡು ರಾಟೆಗಳ ಮುಖಕ್ಕೂ ತಾಗುವಂತೆ ಒಂದು ದಾರವನ್ನು ಬಿಗಿಯಾಗಿ ಎಳೆದು ತೋರಿಸಿದರು. ದಾರವು ದೊಡ್ಡ ರಾಟೆಯ ಎರಡು ಅಂಚುಗಳನ್ನೂ ಸಣ್ಣ ರಾಟೆಯ ಎರಡು ಅಂಚುಗಳನ್ನೂ ಏಕಕಾಲದಲ್ಲಿ ಮುಟ್ಟಿತು. ನಾಲ್ಕು ಬಿಂದುಗಳು ಒಂದೇ ರೇಖೆಯಲ್ಲಿ! ಇದಕ್ಕಿಂತ ಹೆಚ್ಚಿನ ನೇರವನ್ನು ಯಾವ ಉಪಕರಣದಿಂದಲೂ ನಿರೀಕ್ಷಿಸಬೇಕಾಗಿಲ್ಲ.

ಅನಂತರ ಹೊಸ ಬೆಲ್ಟುಗಳನ್ನು ಹಾಕಿ ಬಿಗಿಮಾಡಿಸಿ, ಯಂತ್ರವನ್ನು ಇನ್ನೂ ಚಾಲೂ ಮಾಡದೆಯೇ, ಅದೇ ದಾರವನ್ನು ಮತ್ತೆ ಹಿಡಿಯಿರೆಂದು ಕೇಳಿಕೊಂಡೆವು. ಈ ಸಲ ದಾರ ಎಂಜಿನ್ನಿನ ರಾಟೆಯ ಒಂದೇ ಅಂಚನ್ನು ಮುಟ್ಟಿತು; ಇನ್ನೊಂದು ಅಂಚಿನ ಬಳಿ ಬೆಳಕು ತೂರಿಬಂತು. ಯಜಮಾನರು ಕನ್ನಡಕವನ್ನು ಒರಸಿಕೊಂಡು ಎರಡು ಬಾರಿ ನೋಡಿದರು.

ಬೆಲ್ಟು ಎಷ್ಟು ಎಳೆಯುತ್ತದೆ?

ಇಲ್ಲಿ ಸ್ವಲ್ಪ ಲೆಕ್ಕ ಅವಶ್ಯಕ. ಎತ್ತಿನ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಸುತ್ತಿ ತುದಿಯನ್ನು ಸುಮ್ಮನೆ ಕೈಯಲ್ಲಿ ಹಿಡಿದರೂ ಎತ್ತು ಅದನ್ನು ಎಳೆದುಕೊಳ್ಳಲಾರದೆಂಬುದನ್ನು ನಮ್ಮ ರೈತರು ಬಲ್ಲರು. ಸುತ್ತು ಹೆಚ್ಚಿದಂತೆಲ್ಲ ಘರ್ಷಣೆ ಗುಣಾಕಾರದಲ್ಲಿ ಹೆಚ್ಚುವುದೆಂಬ ಈ ನಿಯಮವನ್ನು ಗಣಿತಜ್ಞ ಆಯ್ಲರ್ 18ನೆಯ ಶತಮಾನದಲ್ಲಿ ಸೂತ್ರರೂಪಕ್ಕೆ ತಂದನು. ಚಪ್ಪಟೆಯ ಬೆಲ್ಟೊಂದು ರಾಟೆಯ ಅರ್ಧ ಸುತ್ತನ್ನು ಅಪ್ಪಿಕೊಂಡಿದ್ದು, ಘರ್ಷಣಾಂಕ 0.3 ಇದ್ದರೆ, ಬಿಗಿಯಾದ ಎಳೆಯಲ್ಲಿ ಸಡಿಲವಾದ ಎಳೆಯ ಸುಮಾರು 2.5 ಪಟ್ಟು ಎಳೆತವಿರಬಹುದು; ಅದನ್ನು ಮೀರಿದರೆ ಬೆಲ್ಟು ಜಾರುವುದು. ಬೆಲ್ಟನ್ನು ಬೆಣೆಯ ಆಕಾರದಲ್ಲಿ ಮಾಡಿ 40 ಡಿಗ್ರಿಯ ಕಣಿವೆಯಲ್ಲಿ ಕೂರಿಸಿದರೆ ಹಿಡಿತ ಸುಮಾರು ಮೂರು ಪಟ್ಟಾಗುತ್ತದೆ. ಅಮೆರಿಕದ ಜಾನ್ ಗೇಟ್ಸ್ 1917ರಲ್ಲಿ ರಬ್ಬರಿನ ವಿ-ಬೆಲ್ಟನ್ನು ಬಳಕೆಗೆ ತಂದ ಮೇಲೆ ಅಗಲವಾದ ತೊಗಲಿನ ಪಟ್ಟೆಗಳು ಒಂದೊಂದಾಗಿ ಕಾರ್ಖಾನೆಗಳಿಂದ ಮರೆಯಾದದ್ದು ಈ ಕಾರಣದಿಂದಲೇ.

ನಮ್ಮ ಗಿರಣಿಯ ಎಂಜಿನು 8 ಅಶ್ವಶಕ್ತಿಯದು. ನಿಮಿಷಕ್ಕೆ 1500 ಸುತ್ತು ತಿರುಗುವುದು. ಅದರ ರಾಟೆಯ ವ್ಯಾಸ 15 ಸೆಂಟಿಮೀಟರು. ಒಂದು ಅಶ್ವಶಕ್ತಿಗೆ 746 ವಾಟ್‌ನಂತೆ ಲೆಕ್ಕಮಾಡಿದರೆ ಎಂಜಿನು ಕೊಡುವ ಶಕ್ತಿ ಸುಮಾರು 5970 ವಾಟ್. ಬೆಲ್ಟಿನ ವೇಗ ಸೆಕೆಂಡಿಗೆ ಸುಮಾರು 11.8 ಮೀಟರು. ಶಕ್ತಿಯನ್ನು ವೇಗದಿಂದ ಭಾಗಿಸಿದರೆ ಬಿಗಿ ಎಳೆಗೂ ಸಡಿಲ ಎಳೆಗೂ ಇರುವ ವ್ಯತ್ಯಾಸ ಬರುತ್ತದೆ: 507 ನ್ಯೂಟನ್, ಅಂದರೆ ಸುಮಾರು 52 ಕಿಲೋಗ್ರಾಂ ತೂಕದಷ್ಟು. ವಿ-ಬೆಲ್ಟು ಜಾರದಿರಲೆಂದು ಬಿಗಿ ಎಳೆಯಲ್ಲಿ ಸಡಿಲ ಎಳೆಯ ಐದು ಪಟ್ಟು ಎಳೆತವಿರುವಂತೆ ಬಿಗಿಮಾಡಿದರೆ, ಒಂದರಲ್ಲಿ 65 ಕಿಲೋಗ್ರಾಂ, ಇನ್ನೊಂದರಲ್ಲಿ 13 ಕಿಲೋಗ್ರಾಂ. ಎಂಜಿನನ್ನು ತಿರುಗದಂತೆ ತಡೆಯುವುದು ಇವುಗಳ ವ್ಯತ್ಯಾಸ. ಆದರೆ ಎಂಜಿನನ್ನು ಕಲ್ಲಿನ ಕಡೆಗೆ ಎಳೆಯುವುದು ಇವುಗಳ ಮೊತ್ತ. ಎರಡು ಎಳೆಗಳೂ ಒಂದೇ ದಿಕ್ಕಿಗೆ ಜಗ್ಗುವುವಷ್ಟೆ. ಮೊತ್ತ 78 ಕಿಲೋಗ್ರಾಂ. ಮುಕ್ಕಾಲು ಕ್ವಿಂಟಲಿಗೂ ಮಿಗಿಲಾದ ಜೋಳದ ಚೀಲವೊಂದನ್ನು ಹಗ್ಗಕ್ಕೆ ಕಟ್ಟಿ ಗಾಲಿಯ ಮೇಲಿಂದ ಇಳಿಬಿಟ್ಟು, ಹಗ್ಗದ ಇನ್ನೊಂದು ತುದಿಯನ್ನು ಎಂಜಿನ್ನಿನ ರಾಟೆಗೆ ಕಟ್ಟಿದಂತೆ! ಇದು ಓಡುವಾಗ ಮಾತ್ರವಲ್ಲ. ಬೆಲ್ಟನ್ನು ಬಿಗಿದ ಕ್ಷಣದಿಂದಲೇ ಹೆಚ್ಚು ಕಡಮೆ ಇಷ್ಟೇ ಎಳೆತ ಹಗಲೂ ರಾತ್ರಿಯೂ ಇರುತ್ತದೆ. ಓಡತೊಡಗಿದಾಗ ಇದರ ಮೇಲೆ ಸಿಡಿತದ ಕುಲುಕಾಟವೂ ಸೇರುವುದು. ನಾಲ್ಕು ಹೊಡೆತದ ಒಂಟಿ ಸಿಲಿಂಡರಿನ ಎಂಜಿನ್ನಿನಲ್ಲಿ ಎರಡು ಸುತ್ತಿಗೊಂದು ಸಿಡಿತ. ನಿಮಿಷಕ್ಕೆ 750, ಸೆಕೆಂಡಿಗೆ ಹನ್ನೆರಡೂವರೆ.

ಕಾಂಕ್ರೀಟಿಗೆ ಬಿಗಿದ ಎಂಜಿನಿಗೆ ಈ ಎಳೆತ ಲೆಕ್ಕಕ್ಕಿಲ್ಲ. ರಬ್ಬರಿನ ಮೇಲೆ ಕುಳಿತ ಎಂಜಿನಿನ ಗತಿಯೇನು?

ಜೇಡಿಮಣ್ಣಿನ ಅಳತೆಗೋಲು

ಎಂಜಿನ್ನಿನ ಪಾದಗಳು ಎಷ್ಟು ಸರಿಯುತ್ತವೆಂಬುದನ್ನು ಅಳೆಯಲು ನಮ್ಮ ಬಳಿ ಯಾವ ಉಪಕರಣವೂ ಇರಲಿಲ್ಲ. ಕೂಡ್ಲಿಗಿಯಲ್ಲಿ ಪಿ.ಯು. ಓದುತ್ತಿದ್ದ ಯಜಮಾನರ ಮೊಮ್ಮಗಳು ಹಿಟ್ಟಿನ ಕಣಕವನ್ನು ಸಂದಿಯಲ್ಲಿಟ್ಟು ನೋಡಬಹುದಲ್ಲವೆ ಎಂದಳು. ಯೋಚನೆ ಬಹಳ ಒಳ್ಳೆಯದಾಗಿತ್ತು. ಆದರೆ ಗೋದಿಯ ಕಣಕ ಅದುಮಿದ ಮೇಲೆ ಮತ್ತೆ ಉಬ್ಬುತ್ತದೆ, ಜೋಳದ ಹಿಟ್ಟಿನದು ಒಡೆದು ಉದುರುತ್ತದೆ. ಅದುಮಿದಷ್ಟೂ ಅದುಮಿಕೊಂಡೇ ಉಳಿಯುವ ವಸ್ತು ಬೇಕು. ಕೊನೆಗೆ ಕೆರೆಯ ಜೇಡಿಮಣ್ಣು ಬಂತು.

ಬೆಲ್ಟು ಸಡಿಲವಾಗಿದ್ದಾಗಲೇ ಪ್ರತಿಯೊಂದು ಪಾದದ ಎರಡು ಪಕ್ಕಗಳಲ್ಲಿಯೂ ಒಂದೊಂದು ಕಲ್ಲನ್ನು ಗಾರೆಯಿಂದ ನಿಲ್ಲಿಸಿ, ಕಲ್ಲಿಗೂ ಪಾದಕ್ಕೂ ನಡುವೆ ಮಣ್ಣನ್ನು ತುಂಬಿ ಗಾರೆ ಗಟ್ಟಿಯಾಗಲು ಬಿಟ್ಟೆವು. ಮರುದಿನ ಮಣ್ಣನ್ನು ಮತ್ತೆ ಹಸಿಮಾಡಿ, ಬೆಲ್ಟನ್ನು ಬಿಗಿದು, ಎಲ್ಲರನ್ನೂ ದೂರ ನಿಲ್ಲಿಸಿ, ಕಾಲು ಗಂಟೆ ಮೆಕ್ಕೆಜೋಳವನ್ನು ಬೀಸಿದ್ದಾಯಿತು. ಅನಂತರ ಯಂತ್ರವನ್ನು ನಿಲ್ಲಿಸಿ ಬೆಲ್ಟನ್ನು ಸಡಿಲಿಸಿದಾಗ ಪಾದಗಳು ತಮ್ಮ ಸ್ಥಾನಕ್ಕೆ ಹಿಂದಿರುಗಿದುವು, ಮಣ್ಣು ಹಿಂದಿರುಗಲಿಲ್ಲ. ಎಷ್ಟು ಸಂದಿ ಉಳಿಯಿತೋ ಅಷ್ಟು ಚಲನೆ.

ರಾಟೆಯ ಕಡೆಯ ಪಾದಗಳು ಕಲ್ಲಿನ ದಿಕ್ಕಿಗೆ ಸುಮಾರು 3 ಮಿಲಿಮೀಟರು ಸರಿದಿದ್ದುವು. ಇದು ನಿರೀಕ್ಷಿಸಿದ್ದೇ. ಆಶ್ಚರ್ಯವಾದದ್ದು ಆಚೆಯ ಪಾದಗಳಲ್ಲಿ. ಅವುಗಳ ಕಲ್ಲಿನ ದಿಕ್ಕಿನ ಮಣ್ಣು ಇಟ್ಟಂತೆಯೇ ಇತ್ತು. ಹಿಂಬದಿಯ ಮಣ್ಣು ಸುಮಾರು 1 ಮಿಲಿಮೀಟರಿನಷ್ಟು ಅದುಮಿಕೊಂಡಿತ್ತು. ಅಂದರೆ ಎಂಜಿನ್ನಿನ ಒಂದು ಕೊನೆ ಮುಂದಕ್ಕೂ ಇನ್ನೊಂದು ಕೊನೆ ಹಿಂದಕ್ಕೂ ಹೋಗಿತ್ತು. ಅದು ಸರಿದಿರಲಿಲ್ಲ, ತಿರುಗಿತ್ತು.

ಕಾರಣವನ್ನು ಸನ್ನೆಗೋಲಿನ ನಿಯಮದಿಂದ ವಿಶದಪಡಿಸಬಹುದು. ಎರಡು ಸಾಲು ಪಾದಗಳ ನಡುವಣ ಅಂತರ 30 ಸೆಂಟಿಮೀಟರು. ರಾಟೆಯಾದರೋ ಹತ್ತಿರದ ಪಾದಗಳಿಂದಲೂ 15 ಸೆಂಟಿಮೀಟರು ಹೊರಗೆ ಚಾಚಿಕೊಂಡಿದೆ. ಎಳೆತವೆಲ್ಲ ಬೀಳುವುದು ಈ ಹೊರಗಿನ ಬಿಂದುವಿನ ಮೇಲೆ. ಹತ್ತಿರದ ಪಾದವೇ ಆನಿಕೆಯಾಗಿ, ಆಚೆಯ ಪಾದ ಹಿಂದಕ್ಕೆ ನೂಕಲ್ಪಡುತ್ತದೆ. ಲೆಕ್ಕಮಾಡಿದರೆ ಹತ್ತಿರದ ಪಾದಗಳ ಮೇಲೆ ಎಳೆತದ ಒಂದೂವರೆ ಪಟ್ಟು, 117 ಕಿಲೋಗ್ರಾಂ. ಆಚೆಯವುಗಳ ಮೇಲೆ ವಿರುದ್ಧ ದಿಕ್ಕಿನಲ್ಲಿ ಅರ್ಧದಷ್ಟು, 39 ಕಿಲೋಗ್ರಾಂ. ಮೂರಕ್ಕೆ ಒಂದು! ಕೆರೆಯ ಮಣ್ಣು ಹೇಳಿದ್ದೂ ಅದೇ ಪ್ರಮಾಣ. ಇಷ್ಟು ಒರಟಾದ ಅಳತೆಯಲ್ಲಿ ಈ ಹೊಂದಾಣಿಕೆ ಭಾಗಶಃ ಆಕಸ್ಮಿಕವೆಂದು ಒಪ್ಪಬೇಕು. ಆದರೂ ಮೊಮ್ಮಗಳ ಮುಖದಲ್ಲಿ ಕಂಡ ಸಂತೋಷವನ್ನು ನಾವೂ ಮರೆಮಾಚಲಿಲ್ಲ.

30 ಸೆಂಟಿಮೀಟರಿಗೆ 4 ಮಿಲಿಮೀಟರು ಓರೆಯಾದರೆ ಕೋನ ಮುಕ್ಕಾಲು ಡಿಗ್ರಿ. ವಿ-ಬೆಲ್ಟುಗಳಿಗೆ ಅರ್ಧ ಡಿಗ್ರಿಗಿಂತ ಹೆಚ್ಚಿನ ಓರೆ ಸಲ್ಲದೆಂಬುದು ಸಾಮಾನ್ಯ ನಿಯಮ. ಬೆಲ್ಟಿನ ಅಂಗಡಿಯವನು ನಿರಪರಾಧಿಯೆಂದು ತೀರ್ಮಾನವಾಯಿತು. ಇದರ ಮೇಲೆ, ಎಂಜಿನ್ನಿನಿಂದ ತೊಟ್ಟಿಕ್ಕುವ ಡೀಸೆಲನ್ನೂ ಎಣ್ಣೆಯನ್ನೂ ಕುಡಿದು ಟೈರಿನ ರಬ್ಬರು ಉಬ್ಬಿ ಮೆತ್ತಗಾಗಿತ್ತು. ಮೊದಲನೆಯ ಬೆಲ್ಟಿಗಿಂತ ಎರಡನೆಯದೂ ಎರಡನೆಯದಕ್ಕಿಂತ ಮೂರನೆಯದೂ ಬೇಗ ಹೋದದ್ದಕ್ಕೆ ಇದೂ ಕಾರಣವಿರಬೇಕು.

"ಹಂಗಾದ್ರೆ ತಾತ, ಮೊದ್ಲೇ ಆಕಡೆಗೆ ಸ್ವಲ್ಪ ಸೊಟ್ಟ ಕೂಡ್ರಿಸಿದ್ರಾತು, ಬಿಗಿದಾಗ ನೆಟ್ಟಗಾಗ್ತೈತಿ" ಎಂದು ಹುಡುಗಿ ಸೂಚಿಸಿದಳು. ಇದು ತಳ್ಳಿಹಾಕತಕ್ಕ ಮಾತಲ್ಲ. ಬಲ್ಲ ಮೆಕ್ಯಾನಿಕರು ಇದನ್ನು ಮಾಡುವುದುಂಟು. ಆದರೆ ರಬ್ಬರು ಇಂದು ಬಗ್ಗಿದಷ್ಟೇ ನಾಳೆಯೂ ಬಗ್ಗುವುದೆಂಬ ಭರವಸೆ ಇಲ್ಲ. ಸತತವಾದ ಒತ್ತಡದಲ್ಲಿ ಅದು ದಿನದಿನಕ್ಕೆ ತುಸುತುಸುವೇ ಒಲೆಯುತ್ತ ಹೋಗುತ್ತದೆ. ಬೆಳಗಿನ ತಂಪಿನಲ್ಲಿ ಒಂದು ಬಗೆ, ಎಂಜಿನು ಕಾದ ಮೇಲೆ ಇನ್ನೊಂದು ಬಗೆ.

ಹಿಮದ ಮೇಲೆ ಇದೇ ತೊಡಕು

ಹೊಸಹಳ್ಳಿಯ ಈ ತೊಂದರೆಯನ್ನು, ಹಿಮದ ಮೇಲೆ ಓಡುವ ವಾಹನವನ್ನು ಇಟ್ಟುಕೊಂಡಿರುವ ಕೆನಡಾದ ಒಬ್ಬ ರೈತನ ಮುಂದೆ ವರ್ಣಿಸಿದರೆ ಅವನು ಒಡನೆಯೇ ಗುರುತು ಹಿಡಿದಾನು. ಗುಲ್ಮಾರ್ಗದಲ್ಲಿ ಪ್ರವಾಸಿಗಳನ್ನು ಕೂರಿಸಿಕೊಂಡು ಓಡುವ, ಸಿಯಾಚಿನ್ ನೀರ್ಗಲ್ಲಿನ ಮೇಲೆ ನಮ್ಮ ಸೈನಿಕರೂ ಬಳಸುವ ಸ್ನೋ ಸ್ಕೂಟರು ಇದೇ. ಮುಂದೆ ಎರಡು ಜಾರುಹಲಗೆಗಳು, ಹಿಂದೆ ಹಲ್ಲುಗಳುಳ್ಳ ರಬ್ಬರಿನ ಅಗಲವಾದ ಪಟ್ಟಿ. ಇದರ ಪ್ರವರ್ತಕರಲ್ಲಿ ಮುಖ್ಯನಾದವನು ಕೆನಡಾದ ಕ್ವಿಬೆಕ್ ಪ್ರಾಂತದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ. 1934ರ ಚಳಿಗಾಲದಲ್ಲಿ ರಸ್ತೆಗಳೆಲ್ಲ ಹಿಮದಿಂದ ಮುಚ್ಚಿಹೋಗಿದ್ದಾಗ ಅವನ ಎಳೆಯ ಮಗ ಕಾಯಿಲೆ ಬಿದ್ದನು. ಆಸ್ಪತ್ರೆಗೆ ಒಯ್ಯುವ ಮಾರ್ಗವಿಲ್ಲದೆ ಮಗು ತೀರಿಕೊಂಡಿತು. ಹಿಮದ ಮೇಲೆ ಓಡುವ ಗಾಡಿಯ ಪ್ರಯೋಗಗಳಲ್ಲಿ ಅದಾಗಲೇ ತೊಡಗಿದ್ದ ಅವನು 1937ರಲ್ಲಿ ತನ್ನ ಪಟ್ಟಿಯ ಗಾಡಿಗೆ ಪೇಟೆಂಟು ಪಡೆದನು. ಒಬ್ಬಿಬ್ಬರು ಕೂರುವ ಚಿಕ್ಕ ವಾಹನ 1959ರಲ್ಲಿ ಸ್ಕಿ-ಡೂ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂತು.

ಈ ವಾಹನದಲ್ಲಿ ಗೇರುಗಳಿಲ್ಲ. ಎಂಜಿನ್ನಿನ ಶಾಫ್ಟಿನ ಮೇಲೆ ಒಂದು, ಹಿಂದಿನ ಅಡ್ಡ ಶಾಫ್ಟಿನ ಮೇಲೆ ಇನ್ನೊಂದು—ಹೀಗೆ ಎರಡು ವಿಶೇಷವಾದ ರಾಟೆಗಳಿವೆ. ಇವನ್ನೇ ಅಲ್ಲಿಯವರು ಕ್ಲಚ್ಚುಗಳೆನ್ನುತ್ತಾರೆ. ಪ್ರತಿಯೊಂದು ರಾಟೆಯೂ ಎದುರುಬದುರಾದ ಎರಡು ತಟ್ಟೆಗಳಿಂದಾದುದು. ಎಂಜಿನ್ನಿನ ವೇಗ ಹೆಚ್ಚಿದಂತೆ ಮೊದಲನೆಯದರೊಳಗಿನ ತೂಕದ ತುಂಡುಗಳು ಕೇಂದ್ರಾಪಗಾಮಿ ಬಲದಿಂದ ಹೊರಕ್ಕೆ ಚಿಮ್ಮಿ ತಟ್ಟೆಗಳನ್ನು ಹತ್ತಿರ ತರುವುವು. ನಡುವಣ ಬೆಲ್ಟು ಅದುಮಿಕೊಂಡು ಮೇಲೇರುವುದು. ಆಗ ಎರಡನೆಯ ರಾಟೆಯ ತಟ್ಟೆಗಳು ಸ್ಪ್ರಿಂಗಿನ ವಿರುದ್ಧ ಅಗಲಿ ಬೆಲ್ಟನ್ನು ಒಳಕ್ಕೆ ಬಿಟ್ಟುಕೊಳ್ಳುವುವು. ಸಣ್ಣ ರಾಟೆ ದೊಡ್ಡದಾಗುತ್ತ, ದೊಡ್ಡದು ಸಣ್ಣದಾಗುತ್ತ, ಮೆಟ್ಟಿಲುಗಳಿಲ್ಲದ ಇಳಿಜಾರಿನಂತೆ ಗೇರು ಬದಲಾಗುತ್ತದೆ. ಡಚ್ಚರ ಡಾಫ್ ಕಂಪನಿ 1958ರಲ್ಲಿ ಪ್ರದರ್ಶಿಸಿದ ಸಣ್ಣ ಕಾರಿನಲ್ಲಿಯೂ ಇದೇ ತತ್ತ್ವವಿತ್ತು.

ಆದರೆ ಎಂಜಿನು ರಬ್ಬರಿನ ಪಾದಗಳ ಮೇಲಿರುತ್ತದೆ. ಇಲ್ಲದಿದ್ದರೆ ಸವಾರನ ಕೈಗಳು ಮರಗಟ್ಟಿಹೋದಾವು. ಎರಡನೆಯ ಕ್ಲಚ್ಚಾದರೋ ವಾಹನದ ಚೌಕಟ್ಟಿಗೆ ಹೊಂದಿಕೊಂಡಿದೆ. ಒಂದು ತೇಲುತ್ತಿದೆ, ಇನ್ನೊಂದು ನಿಂತಿದೆ, ನಡುವೆ ಬೆಲ್ಟು. ಗಿರಣಿಗಿಂತ ಇಲ್ಲಿಯ ಪರಿಸ್ಥಿತಿ ಎರಡು ವಿಧದಲ್ಲಿ ವಿಷಮವಾದುದು. ರಾಟೆಗಳ ನಡುವಣ ಅಂತರ ಒಂದಡಿಯ ಆಸುಪಾಸಿನಲ್ಲಿದ್ದು, ಕೆಲವೇ ಮಿಲಿಮೀಟರುಗಳ ಚಲನೆಯೂ ದೊಡ್ಡ ಓರೆಯಾಗುತ್ತದೆ. ಅಲ್ಲದೆ ವಾಹನ ನಿಂತಿರುವಾಗ ಬೆಲ್ಟು ಸಡಿಲವಾಗಿಯೇ ಇರುವುದು. ಬಿಗಿತ ಹುಟ್ಟುವುದು ಸವಾರನು ವೇಗ ಹೆಚ್ಚಿಸಿದ ಮೇಲೆ. ಆದುದರಿಂದ ಮನೆಯ ಕೊಟ್ಟಿಗೆಯಲ್ಲಿ ಅಳತೆಪಟ್ಟಿಯಿಟ್ಟು ಎಷ್ಟೇ ನೇರಮಾಡಿದರೂ, ಹಿಮದ ಏರಿನಲ್ಲಿ ಪೂರ್ಣಶಕ್ತಿಯಿಂದ ಓಡುವಾಗ ಎಂಜಿನು ಹಿಂದಕ್ಕೆ ಜಗ್ಗಿಕೊಂಡು ಓರೆಯಾಗುವುದು. ಊರಿಂದ ಮೈಲಿಗಟ್ಟಲೆ ದೂರ, ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯಲ್ಲಿ ಬೆಲ್ಟು ಹರಿದರೆ ಏನು ಗತಿ? ಅಲ್ಲಿಯ ಸವಾರರು ಇನ್ನೊಂದು ಬೆಲ್ಟನ್ನು ಸದಾ ಜೊತೆಯಲ್ಲಿಟ್ಟುಕೊಳ್ಳುವುದು ಶೋಕಿಗಲ್ಲ.

ಇದಕ್ಕೆ ಅವರು ಕಂಡುಕೊಂಡಿರುವ ಉಪಾಯಗಳಲ್ಲಿ ಒಂದು, ಮೆತ್ತನೆಯ ರಬ್ಬರಿನ ಬದಲು ಗಡುಸಾದ ರಬ್ಬರನ್ನೋ ಪಾಲಿಯುರಿಥೇನನ್ನೋ ಪಾದಗಳಿಗೆ ಕೊಡುವುದು. ಓರೆ ಕಡಮೆಯಾಗುತ್ತದೆ, ಕಂಪನ ಹೆಚ್ಚುತ್ತದೆ. ಅಲ್ಯೂಮಿನಿಯಮಿನ ಗಟ್ಟಿ ಪಾದಗಳನ್ನೇ ಹಾಕಿ ನಡುಕವನ್ನು ಸಹಿಸಿಕೊಳ್ಳುವ ಪಂದ್ಯಗಾರರೂ ಉಂಟು. ಆದರೆ ಆ ನಡುಕ ಚೌಕಟ್ಟಿನ ಬೆಸುಗೆಗಳನ್ನು ಬಿಡಿಸಬಲ್ಲುದು. ಇವೆರಡಕ್ಕಿಂತ ಜಾಣತನದ್ದು ಮೂರನೆಯದೆಂದು ನಮ್ಮ ಅಭಿಪ್ರಾಯ. ಪಾದಗಳನ್ನು ಮೆತ್ತಗೆಯೇ ಬಿಟ್ಟು, ಎಂಜಿನು ಜಗ್ಗುವ ದಿಕ್ಕಿನಲ್ಲಿ ಮಾತ್ರ, ರಾಟೆಯ ಸಮೀಪದಲ್ಲಿ, ಚೌಕಟ್ಟಿಗೂ ಎಂಜಿನಿಗೂ ನಡುವೆ ಒಂದು ಊರೆಯನ್ನು ಕೊಡುತ್ತಾರೆ: ತುದಿಗೆ ರಬ್ಬರಿನ ಗುಂಡಿಯುಳ್ಳ, ತಿರುಪಿ ಹೊಂದಿಸಬಹುದಾದ ಒಂದು ಬೋಲ್ಟು. ಎಂಜಿನು ಮೇಲೆ ಕೆಳಗೆ ಅದುರಲು ಅಡ್ಡಿಯಿಲ್ಲ. ಹಿಂದಕ್ಕೆ ಹೊರಟರೆ ಮಾತ್ರ ಗುಂಡಿ ತಡೆಯುವುದು.

ರಬ್ಬರು ಎಲ್ಲಿರಬೇಕು?

ಇದೇ ಬೆಲ್ಟು, ಇದೇ ಜೋಡಿ ರಾಟೆ ನಮ್ಮ ಬೀದಿಗಳಲ್ಲಿ ದಿನವೂ ಓಡುತ್ತಿವೆ ಎಂದರೆ ಕೆಲವು ವಾಚಕರಿಗೆ ಆಶ್ಚರ್ಯವಾದೀತು. 1980ರ ದಶಕದ ಮಧ್ಯದಲ್ಲಿ ಬಂದ ಕೈನೆಟಿಕ್ ಹೋಂಡಾದಿಂದ ಹಿಡಿದು ಇಂದಿನ ಆಕ್ಟಿವಾದವರೆಗೆ ಪೆಟ್ರೋಲಿನ ಗೇರಿಲ್ಲದ ಸ್ಕೂಟರುಗಳಲ್ಲಿ ಇರುವುದು ಇದೇ ಏರ್ಪಾಡು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2013ರಲ್ಲಿ ಆರಂಭವಾದ ಕಾರ್ಖಾನೆಯಲ್ಲಿ ಇಂತಹ ಸ್ಕೂಟರುಗಳು ತಯಾರಾಗುತ್ತವೆ. ಆದರೆ ಸ್ಕೂಟರಿನಲ್ಲಿ ರಾಟೆಗಳು ಓರೆಯಾದುವೆಂಬ ದೂರನ್ನು ನಾವು ಕೇಳುವುದೇ ಅಪರೂಪ. ಏಕೆ?

ಎಡಪಕ್ಕದಲ್ಲಿ ಎಂಜಿನ್ನಿನಿಂದ ಹಿಂದಿನ ಚಕ್ರದವರೆಗೆ ಚಾಚಿಕೊಂಡಿರುವ ಉದ್ದನೆಯ ಅಲ್ಯೂಮಿನಿಯಮಿನ ಪೆಟ್ಟಿಗೆಯನ್ನು ನೋಡಿರಿ. ಮುಂದಿನ ರಾಟೆ, ಹಿಂದಿನ ರಾಟೆ, ಎಂಜಿನು, ಹಿಂಚಕ್ರ ಎಲ್ಲವೂ ಆ ಒಂದೇ ಎರಕಕ್ಕೆ ಸೇರಿವೆ. ಕಾರ್ಖಾನೆಯಲ್ಲಿ ಕೊರೆದಾಗ ಬಂದ ನೇರ ಕೊನೆಯವರೆಗೂ ಕೆಡುವುದಿಲ್ಲ. ಸವಾರನಿಗೆ ನಡುಕ ತಟ್ಟದಿರಲು ರಬ್ಬರು ಇಲ್ಲಿಯೂ ಉಂಟು; ಆದರೆ ಅದು ಇರುವುದು ಈ ಇಡೀ ಪೆಟ್ಟಿಗೆಗೂ ಸ್ಕೂಟರಿನ ಚೌಕಟ್ಟಿಗೂ ನಡುವೆ. ಬೆಲ್ಟಿನ ಎಳೆತ ಆ ರಬ್ಬರಿಗೆ ಮುಟ್ಟುವುದೇ ಇಲ್ಲ. ಬುಟ್ಟಿಯೊಳಗೆ ಕುಳಿತವನು ಬುಟ್ಟಿಯ ಹಿಡಿಯನ್ನು ಎಷ್ಟು ಎಳೆದರೂ ಬುಟ್ಟಿ ಕದಲುವುದೆ? ಮುಂದಿನ ರಾಟೆಯನ್ನು ಹಿಂದಕ್ಕೂ ಹಿ0ದಿನದನ್ನು ಮುಂದಕ್ಕೂ ಬೆಲ್ಟು ಸಮನಾಗಿ ಜಗ್ಗುವುದು. ಎರಡೂ ಒಂದೇ ಒಡಲಿನಲ್ಲಿರುವುದರಿಂದ ಒಂದು ಇನ್ನೊಂದನ್ನು ರದ್ದುಮಾಡುವುದು. ನ್ಯೂಟನ್ನನ ಮೂರನೆಯ ನಿಯಮ ಇಷ್ಟು ಲಾಭಕರವಾಗಿ ದುಡಿಯುವುದನ್ನು ಕಾಣುವುದು ಅಪೂರ್ವ.

ಗಿರಣಿಯಲ್ಲಿ ರಬ್ಬರನ್ನು ಹಾಕಿದ್ದು ತಪ್ಪಾಗಿರಲಿಲ್ಲ. ಹಾಕಿದ ಜಾಗ ತಪ್ಪಾಗಿತ್ತು. ಅದು ಎಂಜಿನಿಗೂ ನೆಲಕ್ಕೂ ನಡುವೆ ಇತ್ತು, ಕಲ್ಲಾದರೋ ನೆಲದ ಮೇಲಿತ್ತು. ಹೀಗಾಗಿ ಬೆಲ್ಟು ರಬ್ಬರಿನ ಮೂಲಕ ನೆಲವನ್ನೇ ಎಳೆಯುತ್ತಿತ್ತು. ಇದನ್ನು ವಿವರಿಸಿದಾಗ ಯಜಮಾನರು ಬಹಳ ಹೊತ್ತು ಸುಮ್ಮನಿದ್ದು, "ಅಂದ್ರೆ ಎರಡನ್ನೂ ಒಂದಾ ಗಾಡಿ ಮ್ಯಾಲೆ ಕೂಡ್ರಿಸಬೇಕು ಅನ್ರಿ" ಎಂದರು. ನಾವು ಹತ್ತು ವಾಕ್ಯಗಳಲ್ಲಿ ಹೇಳಿದ್ದು ಅಷ್ಟೆ.

ಆ 'ಗಾಡಿ'ಯನ್ನು ಸ್ಥಳೀಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದರು. ಎರಡು ಉದ್ದನೆಯ ಚಾನೆಲ್ ಕಬ್ಬಿಣಗಳು, ನಾಲ್ಕು ಅಡ್ಡಪಟ್ಟಿಗಳು. ಒಂದು ಕೊನೆಗೆ ಬೀಸುವ ಯಂತ್ರ, ಇನ್ನೊಂದು ಕೊನೆಗೆ ಎಂಜಿನು, ಎರಡನ್ನೂ ರಬ್ಬರಿಲ್ಲದೆ ನೇರವಾಗಿ ಬೋಲ್ಟುಗಳಿಂದ ಬಿಗಿದದ್ದಾಯಿತು. ಬೆಲ್ಟನ್ನು ಬಿಗಿಮಾಡಲು ಎಂಜಿನ್ನಿನ ಕಡೆ ಉದ್ದುದ್ದ ತೂತುಗಳನ್ನೂ, ಓರೆಯಾಗದಂತೆ ಎರಡು ಪಾದಗಳನ್ನೂ ಸಮನಾಗಿ ನೂಕಲು ಎರಡು ತಿರುಪುಗಳನ್ನೂ ಇಡಿಸಿದೆವು. ಹೊಸ ರಬ್ಬರಿನ ದಿಂಬುಗಳು ಹೋದದ್ದು ಚೌಕಟ್ಟಿನ ಕೆಳಗೆ, ಡೀಸೆಲ್ ತೊಟ್ಟಿಕ್ಕದ ಜಾಗಗಳಲ್ಲಿ. ಎಲ್ಲವೂ ಮೊದಲ ಸಲಕ್ಕೇ ಸರಿಹೋಯಿತೆಂದಲ್ಲ. ನಾಲ್ಕೇ ದಿಂಬುಗಳನ್ನಿಟ್ಟಾಗ ಭಾರವಾದ ಕಲ್ಲಿನ ಕೊನೆ ಕುಸಿದು ರಸಮಟ್ಟದ ಗುಳ್ಳೆ ಒಂದು ಬದಿಗೆ ಓಡಿತು. ಆ ಕೊನೆಗೆ ಇನ್ನೆರಡನ್ನು ಸೇರಿಸಬೇಕಾಯಿತು. ಎಂಜಿನನ್ನು ಚಾಲೂ ಮಾಡುವಾಗಲೂ ನಿಲ್ಲಿಸುವಾಗಲೂ ಕೆಲವು ಕ್ಷಣ ಇಡೀ ಚೌಕಟ್ಟು ಮೈ ಕೊಡವಿಕೊಳ್ಳುತ್ತದೆ. ಅದರ ಸಹಜ ಕಂಪನದ ಲಯಕ್ಕೂ ಎಂಜಿನ್ನಿನ ಲಯಕ್ಕೂ ಆ ವೇಗದಲ್ಲಿ ಮೇಳ ಕೂಡುವುದರಿಂದ ಹೀಗಾಗುವುದು. ಪೂರ್ಣವೇಗಕ್ಕೆ ಬಂದ ಮೇಲೆ ಅದು ಶಾಂತವಾಗುತ್ತದೆ.

ಬೆಲ್ಟನ್ನು ಬಿಗಿದ ಮೇಲೆ ಮೊಮ್ಮಗಳೇ ದಾರವನ್ನು ಹಿಡಿದಳು. ಅಂಚಿನ ಸಂದಿಯಲ್ಲಿ ಒಂದು ಪೋಸ್ಟ್‌ಕಾರ್ಡನ್ನು ತೂರಿಸಲು ನೋಡಿದರು, ತೂರಲಿಲ್ಲ. ಆ ಬೆಲ್ಟು ಮುಂದಿನ ಮಳೆಗಾಲವನ್ನೂ ದಾಟಿದೆ. ನಾವು ಕಳೆದ ಸಲ ಹೋದಾಗ ರಾಟೆಯ ಕೆಳಗೆ ಕರಿಯ ಪುಡಿ ಇರಲಿಲ್ಲ, ಹಿಟ್ಟಿನ ಬಿಳಿಯ ದೂಳಷ್ಟೇ ಇತ್ತು. ಚೌಕಟ್ಟು ಇದ್ದುದರಿಂದ ಬೆಲ್ಟಿನ ಸುತ್ತ ಕಬ್ಬಿಣದ ಜಾಲರಿಯ ಒಂದು ಮರೆಯನ್ನು ನಿಲ್ಲಿಸಲು ಆಸರೆಯೂ ದೊರೆತಿತ್ತು. ಅದರ ಈಚೆ, ಕಲ್ಲಿನ ಬೆಂಚಿನ ಮೇಲೆ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಒಬ್ಬ ಹುಡುಗ ತೂಕಡಿಸುತ್ತಿದ್ದನು.